ಆನ್ ಆಗದ ಲ್ಯಾಪ್‌ಟಾಪ್ ಎಲ್ಲಿ ನಿಂತಿದೆ ಎಂದು ಕಂಡುಕೊಳ್ಳುವ ಬಗೆ

"ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ" ಎಂದು ನೆಂಟರೋ ಸ್ನೇಹಿತರೋ ಫೋನ್ ಮಾಡಿದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬಟನ್ ಒತ್ತಿದ ಮೇಲೆ ಏನೇನು ಕಾಣಿಸಿತು, ಏನೇನು ಕೇಳಿಸಿತು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಒಂದು ದೀಪವೂ ಹೊತ್ತದೆ ಕಲ್ಲಿನಂತೆ ಕುಳಿತಿರುವ ಯಂತ್ರ, ದೀಪ ಹೊತ್ತಿ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇರುವ ಯಂತ್ರ, ಕಂಪನಿಯ ಲಾಂಛನ ತೋರಿಸಿ ಅಲ್ಲಿಯೇ ನಿಂತುಬಿಡುವ ಯಂತ್ರ, ವಿಂಡೋಸ್ ಅರ್ಧ ಬಂದು ಮತ್ತೆ ಮತ್ತೆ ರಿಸ್ಟಾರ್ಟ್ ಆಗುವ ಯಂತ್ರ, ಈ ನಾಲ್ಕಕ್ಕೂ ನಾವು ಹೇಳುವುದು "ಆನ್ ಆಗುತ್ತಿಲ್ಲ" ಎಂಬ ಒಂದೇ ಮಾತು. ಆದರೆ ಮೊದಲನೆಯದಕ್ಕೆ ಮಾಡುವ ಚಿಕಿತ್ಸೆ ನಾಲ್ಕನೆಯದಕ್ಕೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಬಟನ್ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಕಾಣಿಸುವವರೆಗೆ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದಿದ್ದರೆ ಹುಡುಕಾಟ ಸುಲಭವಾಗುತ್ತದೆ. ಮದರ್‌ಬೋರ್ಡಿನ ಮೇಲಿರುವ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಬಟನ್ನಿನ ಒತ್ತನ್ನು ಗುರುತಿಸಿ ಉಳಿದ ಭಾಗಗಳಿಗೆ ವಿದ್ಯುತ್ ಹರಿಯಲು ಬಿಡುತ್ತದೆ. ಬಳಿಕ ನಾವು ಹಳೆಯ ರೂಢಿಯಲ್ಲಿ ಬಯೋಸ್ ಎಂದೇ ಕರೆಯುವ, ಬೋರ್ಡಿನ ಚಿಪ್ಪಿನಲ್ಲಿಯೇ ಅಡಕವಾಗಿರುವ ತಂತ್ರಾಂಶವಾದ ಫರ್ಮ್‌ವೇರ್ ಎಚ್ಚೆತ್ತು ಪ್ರೊಸೆಸರ್, ರ‍್ಯಾಮ್, ಡಿಸ್ಪ್ಲೇ ಇವೆಲ್ಲ ಸರಿಯಾಗಿವೆಯೇ ಎಂದು ಪರೀಕ್ಷಿಸುತ್ತದೆ. ಅದು ಮುಗಿದ ಮೇಲೆ ಡಿಸ್ಕಿನಲ್ಲಿರುವ ಬೂಟ್ ಕಡತವನ್ನು ಹುಡುಕಿ, ಅದರ ಕೈಗೆ ಯಂತ್ರವನ್ನು ಒಪ್ಪಿಸುತ್ತದೆ. ಆಮೇಲಿನದೆಲ್ಲ ವಿಂಡೋಸಿನ ಕೆಲಸ. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂದು ಹುಡುಕುವುದೇ ನಮ್ಮ ಕೆಲಸವಾಗಿರುವುದರಿಂದ ಮೊದಲಿನಿಂದಲೇ ಹೊರಡೋಣ.

ಕಡತಗಳ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಕೆಟ್ಟಾಗ ಜನರು ಕಳೆದುಕೊಳ್ಳುವ ಫೋಟೋಗಳಲ್ಲಿ, ಪ್ರಬಂಧಗಳಲ್ಲಿ, ಲೆಕ್ಕಪತ್ರಗಳಲ್ಲಿ ಹೆಚ್ಚಿನವು ಯಂತ್ರ ಕೆಟ್ಟಿದ್ದರಿಂದ ಹೋದವಲ್ಲ. ಗಾಬರಿಯಲ್ಲಿ ರಿಸೆಟ್ ಅಥವಾ ಫಾರ್ಮ್ಯಾಟ್ ಒತ್ತಿದ್ದರಿಂದ ಹೋದವು ಎಂಬುದು ನನ್ನ ಅನುಭವ. ಬೇಕಾದ ಕಡತಗಳ ಪ್ರತಿ ಬೇರೆಡೆ ಇದೆ ಎಂದು ಖಚಿತವಾಗುವವರೆಗೆ ಆ ಎರಡು ಪದಗಳಿರುವ ಯಾವ ಗುಂಡಿಯನ್ನೂ ಮುಟ್ಟಬಾರದು.

ದೀಪವೇ ಹೊತ್ತದಿದ್ದಾಗ

ಮೊದಲು ಗೋಡೆಯ ಸಾಕೆಟ್ ನೋಡಿ. ಹೇಳಲು ಸಂಕೋಚವೆನಿಸುವಷ್ಟು ಸಣ್ಣ ಸಂಗತಿ ಇದು, ಆದರೂ ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೇ ಹಾಕಬೇಕು. ಆಮೇಲೆ ಅಡಾಪ್ಟರಿನ ಎರಡು ತಂತಿಗಳನ್ನೂ ಬೆರಳಿನಿಂದ ಸವರುತ್ತ ಹೋಗಿ, ಮಡಿಕೆ ಬಿದ್ದಿರುವ, ಸುಟ್ಟ ವಾಸನೆ ಬರುವ, ಇಲ್ಲವೇ ಒಳತಂತಿ ಕಾಣುತ್ತಿರುವ ಜಾಗವಿದೆಯೇ ನೋಡಬೇಕು. ತಂತಿ ಸಾಮಾನ್ಯವಾಗಿ ಸವೆಯುವುದು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪಿನ್ನಿನ ಬುಡದಲ್ಲಿ. ಆ ಜಾಗವನ್ನು ಅಲುಗಿಸಿದಾಗ ಚಾರ್ಜಿಂಗ್ ದೀಪ ಹೊತ್ತಿ ಆರುತ್ತಿದ್ದರೆ ದೋಷ ಅಡಾಪ್ಟರಿನಲ್ಲಿದೆ, ಅಥವಾ ಲ್ಯಾಪ್‌ಟಾಪಿನ ಚಾರ್ಜಿಂಗ್ ಜಾಕ್ ಸಡಿಲವಾಗಿದೆ. ಎರಡಕ್ಕೂ ಖರ್ಚು ಮದರ್‌ಬೋರ್ಡಿಗಿಂತ ಬಹಳ ಕಡಿಮೆ.

ಬೇರೆ ಅಡಾಪ್ಟರ್ ಹಾಕಿ ನೋಡುವ ಮುನ್ನ ಅದರ ಬೆನ್ನಿನ ಮೇಲೆ ಮುದ್ರಿಸಿರುವ ಅಂಕಿಗಳನ್ನು ಹೋಲಿಸಬೇಕು. ಹಳೆಯದರ ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದಿದ್ದರೆ ಅದು 65 ವಾಟ್‌ನ ಅಡಾಪ್ಟರ್. ಹೊಸದರ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚಿರಬಹುದು. ಪಿನ್ ಹೊಂದಿತೆಂಬ ಮಾತ್ರಕ್ಕೆ ವೋಲ್ಟ್ ಹೊಂದಿತೆಂದು ಅರ್ಥವಲ್ಲ. ಟೈಪ್-ಸಿ ಚಾರ್ಜರ್‌ಗಳ ಲೆಕ್ಕವೇ ಬೇರೆ, ಅಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ತಮ್ಮೊಳಗೆ ಮಾತಾಡಿಕೊಂಡು ವೋಲ್ಟನ್ನು ನಿಗದಿ ಮಾಡಿಕೊಳ್ಳುತ್ತವೆ. ಸಾಮಾನ್ಯ ಮೊಬೈಲ್ ಚಾರ್ಜರ್ 5 ವೋಲ್ಟ್ ಮಾತ್ರ ಕೊಡಬಲ್ಲದ್ದಾದರೆ 20 ವೋಲ್ಟ್ ಬೇಡುವ ಲ್ಯಾಪ್‌ಟಾಪ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಹಾಗಾಗಿ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಆಗಲೂ ಬರಲಿಲ್ಲ ಎಂಬುದರಿಂದ ಏನೂ ತಿಳಿಯುವುದಿಲ್ಲ.

ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟು ಮರೆತ ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ಬರಿದಾಗಿರುತ್ತದೆ. ಅಂಥದನ್ನು ಚಾರ್ಜಿಗೆ ಹಾಕಿದ ಕೂಡಲೇ ಬಟನ್ ಒತ್ತುತ್ತ ಕೂರದೆ ಒಂದು ಗಂಟೆಯ ಹೊತ್ತು ಹಾಗೆಯೇ ಬಿಡುವುದು ಮೇಲು.

ಇಷ್ಟಾದ ಮೇಲೂ ಜೀವ ಬರದಿದ್ದರೆ ಮಾಡಬೇಕಾದದ್ದು ಹಾರ್ಡ್ ರಿಸೆಟ್. ಹೆಸರಿನಲ್ಲಿ ರಿಸೆಟ್ ಇದ್ದರೂ ಇದರಿಂದ ಯಾವ ಕಡತವೂ ಅಳಿಯುವುದಿಲ್ಲ. ಪೆನ್ ಡ್ರೈವ್, ಮೌಸ್, ಮೆಮೊರಿ ಕಾರ್ಡ್, ಎಚ್‌ಡಿಎಂಐ ತಂತಿ ಎಲ್ಲವನ್ನೂ ಕಿತ್ತು, ಚಾರ್ಜರನ್ನೂ ತೆಗೆದು, ಬ್ಯಾಟರಿ ಹೊರಗಿನಿಂದ ಕಳಚುವಂಥದಾಗಿದ್ದರೆ ಅದನ್ನೂ ಕಳಚಿ, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿಯೇ ಹಿಡಿಯಬೇಕು. ಬಳಿಕ ಚಾರ್ಜರ್ ಮಾತ್ರ ಸಿಕ್ಕಿಸಿ ಎಂದಿನಂತೆ ಒಮ್ಮೆ ಒತ್ತಬೇಕು. ಇದು ಮಂತ್ರವೇನಲ್ಲ. ಮೇಲೆ ಹೇಳಿದ ಎಂಬೆಡೆಡ್ ಕಂಟ್ರೋಲರ್ ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಬ್ಯಾಟರಿಯಿಂದ ತುಸು ವಿದ್ಯುತ್ ಪಡೆದು ಎಚ್ಚರವಾಗಿಯೇ ಇರುತ್ತದೆ. ಅದೇ ಗೊಂದಲಕ್ಕೆ ಬಿದ್ದು ನಿಂತಾಗ ಬಟನ್ನಿನ ಕರೆ ಕೇಳುವವರೇ ಒಳಗಿರುವುದಿಲ್ಲ. ದೀರ್ಘ ಒತ್ತು ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಲೆನೊವೊದ ಥಿಂಕ್‌ಪ್ಯಾಡ್ ಮತ್ತು ಏಸರ್‌ನ ಹಲವು ಮಾದರಿಗಳಲ್ಲಿ ಇದಕ್ಕೆಂದೇ ಅಡಿಭಾಗದಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರವಿರುತ್ತದೆ. ಮೊಬೈಲಿನ ಸಿಮ್ ತೆಗೆಯುವ ಪಿನ್ನನ್ನು ಅದರೊಳಗೆ ತೂರಿಸಿ ಮೆಲ್ಲಗೆ ಒತ್ತಿದರೆ ಸಾಕು. ನಾನು ನೋಡಿದ "ಸತ್ತ" ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಎದ್ದದ್ದು ಈ ಹಂತದಲ್ಲಿಯೇ.

ಮಲೆನಾಡು, ಕರಾವಳಿಗಳಲ್ಲಿರುವವರಿಗೆ ಒಂದು ಮಾತು. ಮುಂಗಾರಿಗೆ ಮುನ್ನ ಬರುವ ಗುಡುಗು ಮಳೆಯ ಮರುದಿನ ಲ್ಯಾಪ್‌ಟಾಪ್ ಏಳದಿದ್ದರೆ ಮೊದಲ ಅನುಮಾನ ಅಡಾಪ್ಟರಿನ ಮೇಲಿರಲಿ. ಎಷ್ಟೋ ಸಲ ಸಿಡಿಲಿನ ಪೆಟ್ಟನ್ನು ತಾನು ತಿಂದು ಅದು ಲ್ಯಾಪ್‌ಟಾಪನ್ನು ಉಳಿಸಿರುತ್ತದೆ. ಸಾಕೆಟ್ಟಿನಿಂದ ಪ್ಲಗ್ ಕಿತ್ತಿಟ್ಟರೂ ಇಂಟರ್ನೆಟ್ಟಿನ ಲ್ಯಾನ್ ತಂತಿಯನ್ನು ಹಾಗೆಯೇ ಬಿಡುವವರು ಬಹಳ. ಸಿಡಿಲಿನ ಅಬ್ಬರ ಆ ದಾರಿಯಲ್ಲಿಯೂ ಬರುತ್ತದೆ.

ಇನ್ನು ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಕೀಲಿಮಣೆಯ ನಡುಭಾಗ ಉಬ್ಬಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಪರೀಕ್ಷೆಯನ್ನೆಲ್ಲ ಅಲ್ಲಿಗೇ ನಿಲ್ಲಿಸಬೇಕು. ಅದು ಊದಿಕೊಂಡ ಲಿಥಿಯಂ ಬ್ಯಾಟರಿಯ ಲಕ್ಷಣ. ಒತ್ತಿ ಕೂರಿಸುವುದು, ಚುಚ್ಚಿ ಗಾಳಿ ಬಿಡುವುದು, ಚಾರ್ಜಿಗೆ ಹಾಕುವುದು ಈ ಮೂರೂ ಬೆಂಕಿಗೆ ಆಹ್ವಾನ ಕೊಟ್ಟಂತೆ. ಲ್ಯಾಪ್‌ಟಾಪನ್ನು ಹಾಸಿಗೆ, ಪರದೆ ಬಟ್ಟೆಗಳಿಂದ ದೂರವಿಟ್ಟು ರಿಪೇರಿಯವರ ಕೈಯಲ್ಲಿಯೇ ಬ್ಯಾಟರಿ ತೆಗೆಸಬೇಕು.

ದೀಪ ಹೊತ್ತಿದೆ, ಪರದೆ ಕಪ್ಪಾಗಿದೆ

ಇಲ್ಲಿ ಎರಡು ಸಾಧ್ಯತೆಗಳಿವೆ. ಒಂದು, ಯಂತ್ರ ಸರಿಯಾಗಿಯೇ ಶುರುವಾಗಿದ್ದು ಪರದೆ ಮಾತ್ರ ಕಾಣಿಸುತ್ತಿಲ್ಲ. ಇನ್ನೊಂದು, ಯಂತ್ರವೇ ಶುರುವಾಗಿಲ್ಲ. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿದಾಗ ಅದರ ದೀಪ ಹೊತ್ತಿ ಆರುತ್ತಿದ್ದರೆ, ವಿಂಡೋಸ್ ಬಂದ ಸದ್ದು ಕೇಳಿಸಿದ್ದರೆ, ಮೊದಲನೆಯದೇ ಇರಬೇಕು ಎಂದು ಮುಂದುವರಿಯಬಹುದು.

ಕಳೆದ ವರ್ಷ ಅಕ್ಕನ ಮಗಳು ಪರೀಕ್ಷೆಯ ಹಿಂದಿನ ದಿನ ತನ್ನ ಲ್ಯಾಪ್‌ಟಾಪ್ ತಂದು, "ಮಾಮ, ಬೋರ್ಡ್ ಹೋಗಿದೆ ಅಂತ ಅಂಗಡಿಯಲ್ಲಿ ಹೇಳಿದರು" ಎಂದಳು. ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ತೀರ ಹತ್ತಿರ ಓರೆಯಾಗಿ ಹಿಡಿದು, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಸರಿಸುತ್ತ ಹೋದೆ. ಬೆಳಕಿನ ವೃತ್ತದೊಳಗೆ, ಮಸಿ ಬಳಿದ ಗೋಡೆಯ ಹಿಂದಿನ ಅಕ್ಷರಗಳಂತೆ, ಅವಳ ಹೆಸರೂ ಪಾಸ್‌ವರ್ಡ್ ಬರೆಯುವ ಚೌಕವೂ ಮಂಕಾಗಿ ಕಂಡವು. ಹಿಂಬೆಳಕು ಹೋಗಿತ್ತು, ಬೋರ್ಡ್ ಚೆನ್ನಾಗಿಯೇ ಇತ್ತು. ಎಚ್‌ಡಿಎಂಐ ತಂತಿಯಿಂದ ಮನೆಯ ಟಿವಿಗೆ ಜೋಡಿಸಿದೆವು. ಅವಳು ಆ ರಾತ್ರಿ ಟಿವಿಯ ಮುಂದೆ ಕುಳಿತೇ ಓದಿದಳು. ಅನಂತರ ಬದಲಿಸಬೇಕಾಗಿ ಬಂದದ್ದು ಮುಚ್ಚಳದ ಮಡಿಕೆಯಲ್ಲಿ ಸವೆದಿದ್ದ ಡಿಸ್ಪ್ಲೇ ಕೇಬಲ್ ಮಾತ್ರ. ಓಎಲ್‌ಇಡಿ ಪರದೆಗಳಿಗೆ ಹಿಂಬೆಳಕೇ ಇರುವುದಿಲ್ಲವಾದ್ದರಿಂದ ಈ ಟಾರ್ಚ್ ಪರೀಕ್ಷೆ ಅವುಗಳಿಗೆ ನಡೆಯುವುದಿಲ್ಲ, ಅಲ್ಲಿ ನೇರವಾಗಿ ಟಿವಿಗೆ ಜೋಡಿಸಿಯೇ ನೋಡಬೇಕು.

ಟಿವಿ ಇಲ್ಲದವರು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ ನೋಡಬಹುದು. ಅದು ಗ್ರಾಫಿಕ್ಸ್ ಡ್ರೈವರನ್ನು ಮರುಚಾಲನೆ ಮಾಡುತ್ತದೆ. ಒಂದು ಸಣ್ಣ ಬೀಪ್ ಕೇಳಿಸಿ ಪರದೆ ಮರಳಿ ಬಂದರೆ ತೊಂದರೆ ಡ್ರೈವರಿನದು. ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಲ್ಯಾಪ್‌ಟಾಪ್ ತಿಳಿಯುವುದು ಅಯಸ್ಕಾಂತದ ಸಂವೇದಕದಿಂದ. ಹಾಗಾಗಿ ಒಂದು ಲ್ಯಾಪ್‌ಟಾಪಿನ ಮೇಲೆ ಇನ್ನೊಂದನ್ನಿಟ್ಟು ತೆರೆದಾಗ ಅಥವಾ ಅಯಸ್ಕಾಂತವಿರುವ ಮೊಬೈಲ್ ಕವರ್ ಪಕ್ಕದಲ್ಲಿದ್ದಾಗ ಮೇಲಿನದು ತಾನು ಮುಚ್ಚಿದ್ದೇನೆಂದೇ ತಿಳಿದು ಪರದೆ ಆರಿಸಿಬಿಡುವುದುಂಟು. ನಗು ಬರುವಂಥ ಕಾರಣವಾದರೂ ಇದಕ್ಕಾಗಿ ಅಂಗಡಿಗೆ ಹೋಗಿಬಂದವರನ್ನು ನಾನು ಬಲ್ಲೆ.

ಎರಡನೆಯ ಸಾಧ್ಯತೆಯಲ್ಲಿ, ಎಂದರೆ ಯಂತ್ರವೇ ಶುರುವಾಗದಿದ್ದಾಗ, ಲ್ಯಾಪ್‌ಟಾಪ್ ತನ್ನ ದೂರನ್ನು ದೀಪ ಮಿಣುಕಿಸಿಯೋ ಬೀಪ್ ಮಾಡಿಯೋ ಹೇಳುತ್ತಿರುತ್ತದೆ. ಡೆಲ್‌ನ ಅನೇಕ ಮಾದರಿಗಳಲ್ಲಿ ಬ್ಯಾಟರಿಯ ದೀಪ ಕಿತ್ತಳೆ ಬಣ್ಣದಲ್ಲಿ 2 ಸಲ, ಬಿಳಿ ಬಣ್ಣದಲ್ಲಿ 3 ಸಲ ಮಿಣುಕಿದರೆ ರ‍್ಯಾಮ್ ಸಿಗುತ್ತಿಲ್ಲವೆಂದು ಅರ್ಥ. 2 ಮತ್ತು 7 ಆದರೆ ಪರದೆಯ ದೋಷ. 3 ಮತ್ತು 1 ಆದರೆ, ದಿನಾಂಕವನ್ನೂ ಬಯೋಸಿನ ಆಯ್ಕೆಗಳನ್ನೂ ನೆನಪಿಟ್ಟುಕೊಳ್ಳಲು ಬೋರ್ಡಿನಲ್ಲಿರುವ ಪುಟ್ಟ ಸಿಮೋಸ್ ಬ್ಯಾಟರಿ ಮುಗಿದಿದೆ. ಎಚ್‌ಪಿ ಲ್ಯಾಪ್‌ಟಾಪುಗಳಲ್ಲಿ ಕ್ಯಾಪ್ಸ್ ಲಾಕ್ ದೀಪವೇ ಈ ಕೆಲಸ ಮಾಡುತ್ತದೆ. ಎಣಿಸುವಾಗ ತಪ್ಪುವುದು ಸಹಜವಾದ್ದರಿಂದ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದುಕೊಂಡು ನಿಧಾನವಾಗಿ ನೋಡಿ ಎಣಿಸಬೇಕು. ಆಮೇಲೆ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಆ ಸಂಖ್ಯೆಯ ಅರ್ಥ ನೋಡಬೇಕು. ಬೇರೆ ಕಂಪನಿಯ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು.

ದೋಷ ರ‍್ಯಾಮಿನದೆಂದು ತೋರಿದರೆ, ವಾರಂಟಿ ಮುಗಿದಿದ್ದರೆ, ಕೈ ನಡುಗದಿದ್ದರೆ, ಅದನ್ನು ತೆಗೆದು ಮತ್ತೆ ಕೂರಿಸುವ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಹೊಸ ತೆಳು ಮಾದರಿಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅವುಗಳಲ್ಲಿ ಇದು ಸಾಧ್ಯವಿಲ್ಲವೆಂಬುದನ್ನು ತೆರೆಯುವ ಮುನ್ನವೇ ತಿಳಿದುಕೊಂಡಿರಬೇಕು. ಅಡಿಭಾಗದ ಸ್ಕ್ರೂಗಳೆಲ್ಲ ಒಂದೇ ಉದ್ದದವಲ್ಲ. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವ ಮೂಲೆಯ ಸ್ಕ್ರೂ ಆ ಮೂಲೆಯಲ್ಲಿಯೇ ಇಡುವುದು ನಾನು ಒಮ್ಮೆ ಪೆಟ್ಟು ತಿಂದು ಕಲಿತ ಅಭ್ಯಾಸ. ಮುಚ್ಚಳ ತೆಗೆದೊಡನೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಬೇಕು. ರ‍್ಯಾಮಿನ ಎರಡು ಪಕ್ಕಗಳಲ್ಲಿರುವ ಲೋಹದ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಎಳೆದು ತೆಗೆಯಬೇಕು. ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಕಂಪಾಸು ಡಬ್ಬಿಯ ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿಯನ್ನು ಒಣ ಕುಂಚದಿಂದ ಝಾಡಿಸಿ, ಮತ್ತೆ ಓರೆಯಾಗಿ ತಳದವರೆಗೆ ತೂರಿಸಿ, ಕೆಳಕ್ಕೆ ಒತ್ತಿದಾಗ ಎರಡೂ ಕೊಕ್ಕೆಗಳು ಟಕ್ಕೆಂದು ಹಿಡಿಯಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಹೊಸ ಡಿಡಿಆರ್5 ರ‍್ಯಾಮ್ ಹಾಕಿದ ಮೇಲಿನ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಯಂತ್ರ ರ‍್ಯಾಮಿನೊಂದಿಗೆ ಹೊಂದಿಕೊಳ್ಳುತ್ತಿರುವ ಹೊತ್ತು ಅದು, ಆತುರಪಟ್ಟು ಆಫ್ ಮಾಡಬಾರದು.

ಲಾಂಛನದಲ್ಲಿಯೇ ನಿಂತಾಗ

ಲಾಂಛನ ಕಾಣಿಸಿತೆಂದರೆ ಕರೆಂಟು, ಬೋರ್ಡ್, ರ‍್ಯಾಮ್, ಪರದೆ ಇಷ್ಟೂ ಬಹುಮಟ್ಟಿಗೆ ಸರಿಯಿವೆ. ಈಗ ಬಯೋಸಿನೊಳಗೆ ಹೋಗಿ ಡಿಸ್ಕ್ ಇದೆಯೇ ಎಂದು ನೋಡಬೇಕು. ಆನ್ ಮಾಡಿದೊಡನೆ ಡೆಲ್, ಏಸರ್, ಆಸುಸ್‌ಗಳಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡಿನಲ್ಲಿ ಎಫ್1 ಕೀಲಿಯನ್ನು ತಟ್ಟುತ್ತಲೇ ಇದ್ದರೆ ಬಯೋಸ್ ತೆರೆದುಕೊಳ್ಳುತ್ತದೆ. ಅಲ್ಲಿನ ಪಟ್ಟಿಯಲ್ಲಿ ನಿಮ್ಮ ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನ ಹೆಸರು ಇದ್ದು, ಬೂಟ್ ಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೊದಲಿದ್ದರೆ ಡಿಸ್ಕ್ ಬದುಕಿದೆ. ಹೆಸರೇ ಇಲ್ಲದಿದ್ದರೆ ಅದು ಸಡಿಲವಾಗಿದೆ ಇಲ್ಲವೇ ಸತ್ತಿದೆ. ಚಲಿಸುವ ಹಾರ್ಡ್ ಡಿಸ್ಕಿನಿಂದ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಬೇಕು, ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆ ಇನ್ನಷ್ಟು ಗೀರಿಕೊಳ್ಳಬಹುದು. ಅಂಥ ಡಿಸ್ಕಿನಲ್ಲಿ ಬೆಲೆಬಾಳುವ ಕಡತಗಳಿದ್ದರೆ ಡೇಟಾ ರಿಕವರಿ ಮಾಡುವವರಲ್ಲಿಗೆ ನೇರವಾಗಿ ಹೋಗುವುದೊಂದೇ ದಾರಿ.

ಬಯೋಸಿನಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಸಿಮೋಸ್ ಬ್ಯಾಟರಿ ಮುಗಿದಿದೆ. ಹಲವು ಲ್ಯಾಪ್‌ಟಾಪುಗಳಲ್ಲಿ ಇದು ಸಿಆರ್2032 ಎಂಬ 3 ವೋಲ್ಟ್‌ನ ನಾಣ್ಯದಾಕಾರದ ಸೆಲ್. ಅದು ಮುಗಿದಾಗ ದಿನಾಂಕದ ಜೊತೆಗೆ ಬಯೋಸಿನ ಬೇರೆ ಆಯ್ಕೆಗಳೂ ಮೂಲಸ್ಥಿತಿಗೆ ಮರಳಬಹುದು, ಅದರಲ್ಲಿ ಬೋರ್ಡ್ ಡಿಸ್ಕಿನೊಂದಿಗೆ ಯಾವ ರೀತಿಯಲ್ಲಿ ಮಾತಾಡಬೇಕೆಂದು ಹೇಳುವ ಸಾಟಾ ಆಯ್ಕೆಯೂ ಒಂದು. ರೈಡ್ ಇದ್ದದ್ದು ಎಎಚ್‌ಸಿಐ ಆದರೆ, ಅಥವಾ ಎಎಚ್‌ಸಿಐ ಇದ್ದದ್ದು ರೈಡ್ ಆದರೆ, ವಿಂಡೋಸಿಗೆ ತನ್ನ ಡಿಸ್ಕೇ ಸಿಗದೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ದೋಷ ತೋರಿಸಿ ನಿಲ್ಲುತ್ತದೆ. ಹಳೆಯ ಆಯ್ಕೆಗೆ ಮರಳಿಸಿದರೆ ಅಷ್ಟರಲ್ಲಿಯೇ ಎಲ್ಲ ಸರಿಹೋಗುತ್ತದೆ. ಇದನ್ನು ತಿಳಿಯದೆ ಎಷ್ಟು ವಿಂಡೋಸುಗಳನ್ನು ಸುಮ್ಮನೆ ಮರುಸ್ಥಾಪಿಸಿದ್ದಾರೋ ಲೆಕ್ಕವಿಲ್ಲ. ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿಕೊಂಡರೆ, ಎಚ್‌ಪಿಯಲ್ಲಿ ಎಫ್2 ಒತ್ತಿದರೆ, ವಿಂಡೋಸಿನ ಹಂಗಿಲ್ಲದೆ ಡಿಸ್ಕನ್ನೂ ರ‍್ಯಾಮನ್ನೂ ಪರೀಕ್ಷಿಸುವ ಸೌಲಭ್ಯವಿದೆ. ಅದರ ಕೊನೆಯಲ್ಲಿ ಬರುವ ದೋಷಸಂಖ್ಯೆಯನ್ನು ಫೋಟೋ ತೆಗೆದಿಟ್ಟುಕೊಂಡರೆ ಸರ್ವಿಸ್ ಸೆಂಟರಿನವರೊಂದಿಗೆ ವಾದ ಮಾಡುವ ಶ್ರಮ ತಪ್ಪುತ್ತದೆ.

ವಿಂಡೋಸ್ ಅರ್ಧ ದಾರಿಯಲ್ಲಿ ನಿಂತಾಗ

ಅಪ್‌ಡೇಟ್ ನಡೆಯುತ್ತಿರುವಾಗ, ಅದರಲ್ಲಿಯೂ ಮಾಡಿದ ಬದಲಾವಣೆಗಳನ್ನು ಹಿಂದೆಗೆದುಕೊಳ್ಳುತ್ತಿದ್ದೇನೆ ಎಂಬ ಸಂದೇಶವಿರುವಾಗ, ಒಂದು ಗಂಟೆಯಾದರೂ ಕಾಯುವುದು ಒಳಿತು. ಅದನ್ನು ಬಿಟ್ಟರೆ ಉಳಿದ ಸಂದರ್ಭಗಳಲ್ಲಿ ವಿಂಡೋಸಿನ ದುರಸ್ತಿ ಪರದೆಗೆ ಹೋಗಬೇಕು. ಚುಕ್ಕೆಗಳು ಸುತ್ತತೊಡಗಿದಾಗ ಪವರ್ ಬಟನ್ನನ್ನು 10 ಸೆಕೆಂಡ್ ಹಿಡಿದು ಆಫ್ ಮಾಡಿ. ಹೀಗೆ ಎರಡು ಸಲ ಮಾಡಿ ಮೂರನೆಯ ಸಲ ಬಿಟ್ಟರೆ ವಿಂಡೋಸ್ ತಾನಾಗಿಯೇ ಆ ಪರದೆಯನ್ನು ತೆರೆಯುತ್ತದೆ. ಅದೂ ಬರದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್ ಡ್ರೈವ್ ಸಿದ್ಧಪಡಿಸಿ, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ದುರಸ್ತಿಯ ಆಯ್ಕೆಗೆ ಹೋಗಬೇಕು.

ಇಲ್ಲಿ ಅನೇಕರಿಗೆ ಎದುರಾಗುವ ತಡೆ, ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದದಂತೆ ಗೂಢಲಿಪಿಗೆ ಬದಲಿಸಿಡುವ ವಿಂಡೋಸಿನ ಸೌಲಭ್ಯವಾದ ಬಿಟ್‌ಲಾಕರ್. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಬಯೋಸ್ ಅಪ್‌ಡೇಟ್ ಆದ ಮೇಲೆ ಅಥವಾ ಬೋರ್ಡ್ ಬದಲಿಸಿದ ಮೇಲೆ ಬರಿದೇ ಆನ್ ಮಾಡಿದಾಗಲೂ ಕೇಳುವುದುಂಟು. ನಾನು ಬಿಟ್‌ಲಾಕರ್ ಹಾಕಿಯೇ ಇಲ್ಲವಲ್ಲ ಎಂದು ಬೆರಗಾಗುವವರು ಬಹಳ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ತಾನಾಗಿಯೇ ಚಾಲ್ತಿಗೆ ಬಂದಿರಬಹುದು, ಹಾಗೆ ಬಂದಿದ್ದರೆ ಕೀ ಕೂಡ ಅದೇ ಖಾತೆಯಲ್ಲಿಯೇ ಉಳಿದಿರುತ್ತದೆ. ಮೊಬೈಲಿನಿಂದ ಆ ಖಾತೆಗೆ ಲಾಗಿನ್ ಆಗಿ, ನಿಮ್ಮ ಸಾಧನಗಳ ಪುಟದಲ್ಲಿ ಹುಡುಕಿ, ಪರದೆಯ ಮೇಲಿರುವ ಕೀ ಐಡಿಯ ಮೊದಲ 8 ಅಕ್ಷರಗಳು ಹೊಂದುವ ಕೀಯನ್ನು ಬರೆದುಕೊಳ್ಳಬೇಕು. ಕಚೇರಿಯ ಲ್ಯಾಪ್‌ಟಾಪ್ ಆದರೆ ಅದು ಐಟಿ ವಿಭಾಗದವರ ಬಳಿ ಇರುತ್ತದೆ. ಕೀ ಎಲ್ಲಿಯೂ ಇಲ್ಲವೆಂದಾದರೆ ಒಳಗಿನ ಕಡತಗಳು ಯಾರಿಗೂ ಸಿಗುವುದಿಲ್ಲ. ತೆಗೆದುಕೊಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ.

ದುರಸ್ತಿ ಪರದೆಯಲ್ಲಿ ಟ್ರಬಲ್‌ಶೂಟ್, ಅದರೊಳಗೆ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದರೆ ಆರೇಳು ಆಯ್ಕೆಗಳು ಕಾಣುತ್ತವೆ. ಅವನ್ನು ಕಡಿಮೆ ಹಾನಿಯದರಿಂದ ಹೆಚ್ಚು ಹಾನಿಯದರ ಕಡೆಗೆ ಹೋಗುವ ಕ್ರಮದಲ್ಲಿ ಬಳಸಬೇಕು. ಮೊದಲು ಸ್ಟಾರ್ಟಪ್ ರಿಪೇರ್. ಅದು ಎಷ್ಟೋ ಸಲ "ದುರಸ್ತಿ ಮಾಡಲಾಗಲಿಲ್ಲ" ಎಂದೇ ಹೇಳುತ್ತದೆ, ಬೇಸರಪಡಬೇಕಿಲ್ಲ. ಹಿಂದಿನ ದಿನ ಅಪ್‌ಡೇಟ್ ಆಗಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಆರಿಸಿ ಇತ್ತೀಚಿನ ಕ್ವಾಲಿಟಿ ಅಪ್‌ಡೇಟನ್ನು ತೆಗೆಯಬೇಕು. ಆಮೇಲೆ ಸಿಸ್ಟಂ ರಿಸ್ಟೋರ್. ಇದು ಡ್ರೈವರ್, ತಂತ್ರಾಂಶಗಳನ್ನು ಹಿಂದಿನ ದಿನಾಂಕಕ್ಕೆ ಒಯ್ಯುತ್ತದೆ, ನಿಮ್ಮ ಸ್ವಂತ ಕಡತಗಳನ್ನು ಮುಟ್ಟುವುದಿಲ್ಲ.

ಇವುಗಳ ನಡುವೆ ನಾನು ಹೆಚ್ಚು ನೆಚ್ಚುವುದು ಸೇಫ್ ಮೋಡ್. ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ರಿಸ್ಟಾರ್ಟ್ ಮಾಡಿ 4 ಒತ್ತಿದರೆ ವಿಂಡೋಸ್ ತನಗೆ ತೀರ ಬೇಕಾದ ಡ್ರೈವರ್‌ಗಳನ್ನು ಮಾತ್ರ ಹೊತ್ತು ಬರುತ್ತದೆ, 5 ಒತ್ತಿದರೆ ಇಂಟರ್ನೆಟ್ ಕೂಡ ಬರುತ್ತದೆ. ಕೆಲವೊಮ್ಮೆ ಇಲ್ಲಿ ಪಿನ್ ನಡೆಯುವುದಿಲ್ಲ, ಖಾತೆಯ ಪೂರ್ತಿ ಪಾಸ್‌ವರ್ಡ್ ನೆನಪಿರಬೇಕು. ಸೇಫ್ ಮೋಡಿನಲ್ಲಿ ಬಂದು ಎಂದಿನಂತೆ ಬರದ ಯಂತ್ರದಲ್ಲಿ ತಪ್ಪಿತಸ್ಥ ಬಹುತೇಕ ಹೊರಗಿನಿಂದ ಬಂದ ಡ್ರೈವರ್ ಅಥವಾ ಆಂಟಿವೈರಸ್. ಇತ್ತೀಚೆಗೆ ಹಾಕಿದ್ದನ್ನು ಮೊದಲು ತೆಗೆಯಬೇಕು. 2024ರ ಜುಲೈ 19ರಂದು ಜಗತ್ತಿನಾದ್ಯಂತ ಮೈಕ್ರೋಸಾಫ್ಟಿನ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಗಿ ಬಂದದ್ದು ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಒಂದೇ ಒಂದು ದೋಷಪೂರಿತ ಕಡತ ಅದಕ್ಕೆ ಕಾರಣ. ಸಾವಿರಾರು ಕಚೇರಿಗಳಲ್ಲಿ ಅದನ್ನು ಸರಿಪಡಿಸಿದ್ದು ಇದೇ ಹಳೆಯ ವಿಧಾನದಿಂದ: ಸೇಫ್ ಮೋಡಿಗೆ ಹೋಗು, ಆ ಕಡತ ಅಳಿಸು, ರಿಸ್ಟಾರ್ಟ್ ಮಾಡು. ಬಿಟ್‌ಲಾಕರ್ ಕೀ ಹುಡುಕುವುದರಲ್ಲಿಯೇ ಅಲ್ಲಿಯೂ ಬಹಳ ಹೊತ್ತು ಹೋಯಿತು.

ಲಾಗಿನ್ ಆದ ಮೇಲೆ ಕಪ್ಪು ಪರದೆಯ ಮೇಲೆ ಬಾಣದ ಗುರುತು ಮಾತ್ರ ಓಡಾಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ಓಡಿಸುವ ಜಾಗದಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಡೆಸ್ಕ್‌ಟಾಪ್ ಮರಳಬಹುದು. ರಿಸ್ಟಾರ್ಟ್ ಮಾಡಿದರೆ ಸರಿಯಾಗಿ ಬಂದು, ಶಟ್‌ಡೌನ್ ಮಾಡಿ ಮರುದಿನ ಆನ್ ಮಾಡಿದರೆ ಮಾತ್ರ ನಿಲ್ಲುವ ಯಂತ್ರವಿದ್ದರೆ ಫಾಸ್ಟ್ ಸ್ಟಾರ್ಟಪ್ ಅನ್ನು ಅನುಮಾನಿಸಬೇಕು. ಆ ಸೌಲಭ್ಯ ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಎಂಬುದು ಪೂರ್ತಿ ಶಟ್‌ಡೌನ್ ಅಲ್ಲ, ವಿಂಡೋಸಿನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುವುದು. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ನಿಗದಿಪಡಿಸುವ ಪುಟಕ್ಕೆ ಹೋಗಿ ಅದರ ಗುರುತು ತೆಗೆಯಬೇಕು.

ಯಾವುದೂ ಫಲಿಸದೆ ಮರುಸ್ಥಾಪನೆಯೇ ಗತಿಯೆಂದಾದಾಗ ಮೊದಲು ಕಡತಗಳನ್ನು ಹೊರತೆಗೆಯಬೇಕು. ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಪೆನ್ ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ ಬಳಸಿ ನೋಡುವ ಆಯ್ಕೆಯನ್ನು ಒತ್ತಿದರೆ, ವಿಂಡೋಸಿನ ಡಿಸ್ಕ್ ಒಂದು ಫೋಲ್ಡರಿನಂತೆ ತೆರೆದುಕೊಳ್ಳುತ್ತದೆ. ಯೂಸರ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಕೆಳಗೆ ಇರುವುದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಬಹುದು. ಬರೆಯಲು ಬಿಡದೆ ಓದಲು ಮಾತ್ರ ಬಿಟ್ಟರೂ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಬಿಟ್‌ಲಾಕರ್ ಇದ್ದರೆ ಇಲ್ಲಿಯೂ ಆ 48 ಅಂಕಿಗಳು ಬೇಕು. "ನನ್ನ ಕಡತಗಳನ್ನು ಉಳಿಸಿ ರಿಸೆಟ್ ಮಾಡು" ಎಂಬ ಆಯ್ಕೆಯನ್ನೂ ಇದಾದ ಮೇಲೆಯೇ ಬಳಸಬೇಕು. ಅದು ನೀವು ಹಾಕಿಕೊಂಡ ತಂತ್ರಾಂಶಗಳನ್ನು, ಕನ್ನಡ ಟೈಪ್ ಮಾಡುವ ನುಡಿ, ಬರಹದಂಥವುಗಳನ್ನೂ ಸೇರಿಸಿ, ತೆಗೆದುಹಾಕುತ್ತದೆ.

ಮ್ಯಾಕ್‌ಬುಕ್ ಉಳ್ಳವರಿಗೆ ಕ್ರಮ ಸರಳ. ಆಪಲ್‌ನ ಎಂ ಸರಣಿಯ ಚಿಪ್ ಇದ್ದರೆ ಪವರ್ ಬಟನ್ನನ್ನು ಸ್ಟಾರ್ಟಪ್ ಆಯ್ಕೆಗಳು ಬರುವವರೆಗೆ ಹಿಡಿದಿರಬೇಕು, ಇಂಟೆಲ್ ಆಗಿದ್ದರೆ ಆನ್ ಮಾಡುವಾಗ ಕಮಾಂಡ್ ಮತ್ತು ಆರ್ ಹಿಡಿಯಬೇಕು. ಎರಡರಲ್ಲಿಯೂ ಡಿಸ್ಕ್ ಯುಟಿಲಿಟಿಯ ಫಸ್ಟ್ ಏಡ್ ಮೊದಲ ಪರೀಕ್ಷೆ. ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಕಂಡರೆ ಬೂಟ್ ಡಿಸ್ಕ್ ಸಿಗುತ್ತಿಲ್ಲವೆಂದು ಅರ್ಥ.

ಕಾಫಿ ಚೆಲ್ಲಿದಾಗ ಮತ್ತು ಅಂಗಡಿಗೆ ಕೊಡುವಾಗ

ಕಾಫಿಯೋ ನೀರೋ ಚೆಲ್ಲಿದ ಲ್ಯಾಪ್‌ಟಾಪನ್ನು ಆನ್ ಆಗುತ್ತದೆಯೇ ಎಂದು ಪರೀಕ್ಷಿಸುವುದೇ ದೊಡ್ಡ ತಪ್ಪು. ಚಾರ್ಜರ್ ಕಿತ್ತು, ಬಟನ್ ಹಿಡಿದು ಆಫ್ ಮಾಡಿ, ಮುಚ್ಚಳ ತೆರೆದು ಡೇರೆಯಂತೆ ಕವುಚಿ ಇಟ್ಟು, ಆ ದಿನವೇ ಅಂಗಡಿಗೆ ಒಯ್ಯಬೇಕು. ಅಕ್ಕಿಯ ಡಬ್ಬಿಯಲ್ಲಿಟ್ಟರೆ ಅಕ್ಕಿಯ ಧೂಳು ಒಳಗೆ ಸೇರುತ್ತದೆಯೇ ಹೊರತು ಹಾಲು ಸಕ್ಕರೆಯ ಅಂಟು ಹೊರಗೆ ಬರುವುದಿಲ್ಲ. ಅದನ್ನು ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಲೇಬೇಕು. ಮರುದಿನ ಚೆನ್ನಾಗಿಯೇ ಆನ್ ಆಯಿತೆಂದು ಸುಮ್ಮನಾದವರ ಬೋರ್ಡು ವಾರಗಳ ಬಳಿಕ ಕಿಲುಬು ಹಿಡಿದು ನಿಂತದ್ದನ್ನು ಕಂಡಿದ್ದೇನೆ.

ರಿಪೇರಿಗೆ ಕೊಡುವಾಗ, ಅದು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಾಗಿರಲಿ, ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಪಕ್ಕದ್ದಾಗಿರಲಿ, ಯಂತ್ರ ಯಾವ ಹಂತದಲ್ಲಿ ನಿಲ್ಲುತ್ತದೆ ಮತ್ತು ನೀವು ಏನೇನು ಮಾಡಿ ನೋಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಬರೀ "ಆನ್ ಆಗುತ್ತಿಲ್ಲ" ಎಂದರೆ ಬೋರ್ಡಿನ ಮಾತೇ ಮೊದಲು ಬರುತ್ತದೆ. "ಲಾಂಛನ ಬರುತ್ತದೆ, ಬಯೋಸಿನಲ್ಲಿ ಡಿಸ್ಕಿನ ಹೆಸರಿಲ್ಲ" ಎಂದರೆ ಮಾತು ಡಿಸ್ಕಿನಿಂದ ಶುರುವಾಗುತ್ತದೆ. ಸೀರಿಯಲ್ ನಂಬರಿನ, ಒಳಗಿರುವ ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಲೇಬಲ್ಲುಗಳ ಫೋಟೋ ತೆಗೆದಿಟ್ಟುಕೊಳ್ಳಿ. ದೋಷ ಪರದೆಯದೋ ಚಾರ್ಜಿಂಗ್ ಜಾಕಿನದೋ ಆಗಿದ್ದರೆ ಎಸ್‌ಎಸ್‌ಡಿಯನ್ನು ನಿಮ್ಮ ಎದುರಿನಲ್ಲಿಯೇ ಬಿಚ್ಚಿಸಿ ಮನೆಗೆ ತೆಗೆದುಕೊಂಡು ಹೋಗಿ. ಬಿಚ್ಚಲು ಬಾರದ ಮಾದರಿಯಾಗಿದ್ದರೆ, ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದು ರಸೀದಿಯ ಮೇಲೆಯೇ ಬರೆಸಿಕೊಂಡು ಬನ್ನಿ.